ಹೃದಯ ಸ್ತಂಭನದ ಬಳಿಕ ದೇಹತಾಪ ನಿಯಂತ್ರಣ

ನಿಂತುಹೋದ ಹೃದಯವು ಮರಳಿ ಮಿಡಿಯಲಾರಂಭಿಸಿದ ಮೇಲೂ ಎಚ್ಚರಗೊಳ್ಳದೆ ಉಳಿಯುವ ರೋಗಿಯ ದೇಹತಾಪವನ್ನು ನಿಗದಿತ ಮಿತಿಯೊಳಗೆ ಕೆಲವು ದಿನಗಳ ಕಾಲ ಹಿಡಿದಿಡುವ ಚಿಕಿತ್ಸಾಕ್ರಮಕ್ಕೆ ದೇಹತಾಪ ನಿಯಂತ್ರಣವೆಂದು ಹೆಸರು. ಮೆದುಳಿಗೆ ಆಗಬಹುದಾದ ಹೆಚ್ಚಿನ ಹಾನಿಯನ್ನು ತಡೆಯುವುದು ಇದರ ಉದ್ದೇಶ. ಎರಡು ದಶಕಗಳ ಹಿಂದೆ ಇದನ್ನು ಶೀತಲ ಚಿಕಿತ್ಸೆ ಎಂದೇ ಕರೆಯುತ್ತಿದ್ದರು. ರೋಗಿಯ ದೇಹವನ್ನು 33 ಡಿಗ್ರಿ ಸೆಲ್ಸಿಯಸ್‌ನವರೆಗೆ ತಂಪಾಗಿಸುವುದೇ ಅದರ ತಿರುಳಾಗಿತ್ತು. ಇಂದು ಆ ತಿರುಳೇ ಬದಲಾಗಿದೆ. ಜ್ವರ ಏರದಂತೆ ನೋಡಿಕೊಳ್ಳುವುದು ಮುಖ್ಯ, ಆಳವಾಗಿ ತಂಪಾಗಿಸುವುದು ಅನಿವಾರ್ಯವಲ್ಲ ಎಂಬ ನಿಲುವಿಗೆ ವೈದ್ಯಲೋಕದ ಬಹುಭಾಗ ಬಂದು ನಿಂತಿದೆ. ದೇವನಹಳ್ಳಿ ತಾಲ್ಲೂಕಿನ ಕುಂದಾಣದಂತಹ ಹೋಬಳಿಯ ಜನರಿಗೆ ಈ ಬದಲಾವಣೆ ದೂರದ ಸಂಗತಿಯೇನೂ ಅಲ್ಲ. ದುಬಾರಿ ಯಂತ್ರವಿಲ್ಲದ ಆಸ್ಪತ್ರೆಯಲ್ಲಿಯೂ ಸರಿಯಾಗಿ ಮಾಡಬಹುದಾದ ಕೆಲಸವೇ ಈಗ ಚಿಕಿತ್ಸೆಯ ಕೇಂದ್ರದಲ್ಲಿರುವುದರಿಂದ ಇದು ಅವರಿಗೆ ನೇರವಾಗಿ ಸಂಬಂಧಿಸಿದ್ದು.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗ ಆಗುವುದು ಆಘಾತ. ಆ ಹೊತ್ತಿಗೆ ರೋಗಿ ಎದೆನೋವಿನಿಂದ ನರಳುತ್ತಿದ್ದರೂ ಮಾತನಾಡಬಲ್ಲ. ಹೃದಯ ರಕ್ತವನ್ನು ಒತ್ತುವುದನ್ನೇ ನಿಲ್ಲಿಸಿದಾಗ ಆಗುವುದು ಸ್ತಂಭನ. ಹತ್ತು ಹದಿನೈದು ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಉಸಿರು ನಿಲ್ಲುತ್ತದೆ ಅಥವಾ ಏದುಸಿರಾಗಿ ತಡವರಿಸುತ್ತದೆ. ಆಘಾತವು ಸ್ತಂಭನಕ್ಕೆ ದಾರಿಯಾಗಬಹುದು. ಆದರೆ ಪಂಪ್‌ಸೆಟ್ಟಿನ ಬಳಿ ತಗುಲಿದ ವಿದ್ಯುತ್, ಕೃಷಿ ಹೊಂಡದಲ್ಲಿ ಮುಳುಗಿದ್ದು, ಸಿಡಿಲು, ಹಾವಿನ ವಿಷ, ತೀವ್ರ ಆಸ್ತಮಾ ಇವುಗಳಿಂದಲೂ ಹೃದಯ ಸ್ತಂಭಿಸಬಹುದು. ಪತ್ರಿಕೆಗಳಲ್ಲಿ ಈ ಎರಡೂ ಪದಗಳು ಒಂದೇ ಎಂಬಂತೆ ಬಳಕೆಯಾಗುತ್ತಿರುವುದು ವಿಷಾದಕರ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ನಿಧನರಾದಾಗಲೂ, 2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಯಿಂದ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಜನ ಮುಗಿಬಿದ್ದಾಗಲೂ ನಾಡಿನಲ್ಲಿ ನಡೆದ ಚರ್ಚೆ ಬಹುಪಾಲು ತಪಾಸಣೆ, ಆಹಾರ, ವ್ಯಾಯಾಮಗಳ ಸುತ್ತಲೇ ಇತ್ತು. ಪುನೀತ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿದ ಹೃದಯ ಜ್ಯೋತಿ ಯೋಜನೆ ಹೃದಯಾಘಾತವಾದವರಿಗೆ ತಾಲ್ಲೂಕು ಮಟ್ಟದಲ್ಲಿಯೇ ಇಸಿಜಿ ಹಾಗೂ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ದೊರಕಿಸುವ ಉದ್ದೇಶದ್ದು. ಅದು ಸ್ವಾಗತಾರ್ಹವೇ ಸರಿ. ಆದರೆ ಹೃದಯ ನಿಂತು, ಮರಳಿ ಹೊಡೆದುಕೊಂಡು, ಮನುಷ್ಯ ಮಾತ್ರ ಕಣ್ಣು ತೆರೆಯದೆ ಮಲಗಿರುವ ಆ ಮೂರು ನಾಲ್ಕು ದಿನಗಳ ಕುರಿತು ಕನ್ನಡದಲ್ಲಿ ಬಂದಿರುವ ಬರಹ ಅತ್ಯಲ್ಪ.

ಮೆದುಳಿಗೆ ಆಗುವುದೇನು?

ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮೆದುಳು ದೇಹ ಬಳಸುವ ಆಮ್ಲಜನಕದ ಐದನೆಯ ಒಂದು ಭಾಗವನ್ನು ತಾನೇ ತೆಗೆದುಕೊಳ್ಳುತ್ತದೆ. ಅದಕ್ಕೆ ದಾಸ್ತಾನು ಮಾಡಿಟ್ಟುಕೊಳ್ಳುವ ಶಕ್ತಿಯಿಲ್ಲ. ರಕ್ತ ನಿಂತ ನಾಲ್ಕೈದು ನಿಮಿಷಗಳಲ್ಲಿ ಜೀವಕೋಶಗಳಿಗೆ ಪೆಟ್ಟು ಬೀಳತೊಡಗುತ್ತದೆ. ಸಾಮಾನ್ಯ ಓದುಗರು ಊಹಿಸದ ಸಂಗತಿಯೆಂದರೆ, ರಕ್ತ ಮರಳಿ ಹರಿದೊಡನೆ ಹಾನಿ ನಿಲ್ಲುವುದಿಲ್ಲ. ಹಸಿದ ಕೋಶಗಳಿಗೆ ಏಕಾಏಕಿ ಆಮ್ಲಜನಕ ನುಗ್ಗಿದಾಗ ವಿಷಕಾರಿ ಕಣಗಳು ಹುಟ್ಟುತ್ತವೆ, ಕೋಶಗಳೊಳಗೆ ಕ್ಯಾಲ್ಸಿಯಂ ತುಂಬಿಕೊಳ್ಳುತ್ತದೆ, ಉರಿಯೂತವೇರ್ಪಟ್ಟು ಮೆದುಳು ಬಾತುಕೊಳ್ಳಬಹುದು. ಈ ಎರಡನೆಯ ಪೆಟ್ಟು ಗಂಟೆಗಳಿಂದ ದಿನಗಳವರೆಗೆ ಸಾಗುತ್ತದೆ. ಚಿಕಿತ್ಸೆಗೆ ಅವಕಾಶ ದೊರೆಯುವುದು ಈ ಅವಧಿಯಲ್ಲಿಯೇ.

ದೇಹತಾಪ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಮೆದುಳಿನ ಆಮ್ಲಜನಕದ ಬೇಡಿಕೆ ಸುಮಾರು ಶೇ. 6ರಿಂದ 7ರಷ್ಟು ತಗ್ಗುತ್ತದೆ; ಏರಿದರೆ ಬೇಡಿಕೆಯೂ ಏರುತ್ತದೆ. ಹೃದಯ ಮರಳಿ ಮಿಡಿದ ರೋಗಿಗಳಲ್ಲಿ ಮೊದಲ ಎರಡು ಮೂರು ದಿನ ಜ್ವರ ಬರುವುದು ಸಾಮಾನ್ಯ. ಸೋಂಕಿಲ್ಲದಿದ್ದರೂ ಬರಬಹುದು. ಗಾಯಗೊಂಡ ಮೆದುಳಿಗೆ ಆ ಜ್ವರ ಹೆಚ್ಚುವರಿ ಹೊರೆ. ಹುಳು ಸಾಕುವ ಮನೆಯಲ್ಲಿ ಎರಡು ಡಿಗ್ರಿ ಹೆಚ್ಚಾದರೂ ರೇಷ್ಮೆ ಬೆಳೆಯ ಗತಿಯೇನಾಗುವುದೆಂದು ಬಲ್ಲ ದೇವನಹಳ್ಳಿ, ವಿಜಯಪುರ ಸೀಮೆಯ ರೈತರಿಗೆ ಒಂದೆರಡು ಡಿಗ್ರಿಯ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ.

ಶೀತಲ ಚಿಕಿತ್ಸೆಯ ಏರಿಳಿತ

ತಂಪಾದ ದೇಹ ಆಮ್ಲಜನಕದ ಕೊರತೆಯನ್ನು ಹೆಚ್ಚು ಹೊತ್ತು ತಾಳಿಕೊಳ್ಳಬಲ್ಲದೆಂಬ ಅರಿವು 1950ರ ಆಸುಪಾಸಿನಲ್ಲಿ ಕೆನಡಾದ ಟೊರಾಂಟೊದಲ್ಲಿ ಶಸ್ತ್ರವೈದ್ಯ ಬಿಗೆಲೋ ನಡೆಸಿದ ಪ್ರಾಣಿ ಪ್ರಯೋಗಗಳಿಂದ ಗಟ್ಟಿಯಾಯಿತು. 1952ರಲ್ಲಿ ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ರೋಗಿಯ ದೇಹವನ್ನು ತಂಪಾಗಿಸಿ ತೆರೆದ ಹೃದಯದ ಶಸ್ತ್ರಕ್ರಿಯೆ ಮಾಡಲಾಯಿತು. ಹೃದಯ ಸ್ತಂಭನದ ನಂತರವೂ ಇದನ್ನು ಬಳಸಬಹುದೆಂಬ ವರದಿ 1959ರಲ್ಲಿಯೇ ಬಂದಿತ್ತು. ಆದರೆ ಅಂದು ಆಳವಾಗಿ ತಂಪಾಗಿಸುತ್ತಿದ್ದುದರಿಂದ ಅಡ್ಡ ಪರಿಣಾಮಗಳೂ ಅಧಿಕವಾಗಿ, ವಿಧಾನ ಮೂಲೆಗೆ ಸರಿಯಿತು.

2002ರ ಫೆಬ್ರುವರಿಯಲ್ಲಿ ಒಂದೇ ವೈದ್ಯಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಇದನ್ನು ಮತ್ತೆ ಮುನ್ನೆಲೆಗೆ ತಂದವು. ಯೂರೋಪಿನ ಐದು ದೇಶಗಳಲ್ಲಿ 275 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ 32ರಿಂದ 34 ಡಿಗ್ರಿಯಲ್ಲಿ 24 ಗಂಟೆ ಇರಿಸಲ್ಪಟ್ಟವರ ಪೈಕಿ ಶೇ. 55 ಮಂದಿ ಸ್ವತಂತ್ರವಾಗಿ ಬದುಕುವ ಸ್ಥಿತಿಗೆ ಮರಳಿದರು. ತಂಪಾಗಿಸದವರಲ್ಲಿ ಈ ಪ್ರಮಾಣ ಶೇ. 39. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 77 ರೋಗಿಗಳ ಮೇಲೆ ನಡೆದ ಸಣ್ಣ ಅಧ್ಯಯನದಲ್ಲಿ ಅದು ಶೇ. 49 ಮತ್ತು ಶೇ. 26. ಜಗತ್ತಿನಾದ್ಯಂತ ಆಸ್ಪತ್ರೆಗಳು ತಂಪು ಹೊದಿಕೆ, ತಂಪು ನೀರು ಹರಿಯುವ ಅಂಟುಪಟ್ಟಿ, ತೊಡೆಯ ರಕ್ತನಾಳದೊಳಗೆ ಇಳಿಸುವ ಶೀತಲ ನಳಿಕೆ ಇವೇ ಮೊದಲಾದ ಸಾಧನಗಳನ್ನು ಕೊಳ್ಳತೊಡಗಿದವು.

ಆದರೆ ಯೂರೋಪಿನ ಆ ಅಧ್ಯಯನದಲ್ಲೊಂದು ಸಡಿಲ ಗಂಟಿತ್ತು. ತಂಪಾಗಿಸದ ಗುಂಪಿನ ರೋಗಿಗಳ ದೇಹತಾಪವನ್ನು ಯಾರೂ ಬಿಗಿಯಾಗಿ ಹಿಡಿದಿರಲಿಲ್ಲ. ಅವರಲ್ಲಿ ಅನೇಕರ ದೇಹತಾಪ 37 ಡಿಗ್ರಿಯನ್ನು ದಾಟಿ ಜ್ವರದತ್ತ ಸಾಗಿತ್ತು. ಹಾಗಾದರೆ ಗುಣ ಕೊಟ್ಟದ್ದು ಶೀತವೋ, ಜ್ವರ ಬಾರದಿದ್ದುದೋ? ಈ ಪ್ರಶ್ನೆಗೆ ಉತ್ತರ ಹುಡುಕಲು 2013ರಲ್ಲಿ 939 ರೋಗಿಗಳನ್ನು 33 ಮತ್ತು 36 ಡಿಗ್ರಿಗಳ ಎರಡು ಗುಂಪುಗಳಾಗಿ ಹೋಲಿಸಲಾಯಿತು. ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಸ್ವೀಡನ್ ವೈದ್ಯರ ಮುಂದಾಳತನದಲ್ಲಿ ಹದಿನಾಲ್ಕು ದೇಶಗಳ 1900 ರೋಗಿಗಳನ್ನೊಳಗೊಂಡ ಅಧ್ಯಯನ ಇನ್ನೂ ಮುಂದೆ ಹೋಯಿತು: ಒಂದು ಗುಂಪನ್ನು 33 ಡಿಗ್ರಿಗೆ ತಂಪಾಗಿಸಲಾಯಿತು, ಇನ್ನೊಂದರಲ್ಲಿ ಜ್ವರವನ್ನಷ್ಟೇ ತಡೆಯಲಾಯಿತು. ಆರು ತಿಂಗಳಲ್ಲಿ ಮೃತಪಟ್ಟವರು ಮೊದಲ ಗುಂಪಿನಲ್ಲಿ ಶೇ. 50, ಎರಡನೆಯದರಲ್ಲಿ ಶೇ. 48. ರಕ್ತದೊತ್ತಡ ಕುಸಿಯುವಂತೆ ಹೃದಯದ ಲಯ ತಪ್ಪಿದ ಪ್ರಕರಣಗಳು ತಂಪಾಗಿಸಿದವರಲ್ಲಿ ಶೇ. 24, ಉಳಿದವರಲ್ಲಿ ಶೇ. 17. ಅಂದರೆ ಜ್ವರ ತಡೆಗಟ್ಟಿದರೆ ಸಾಕು, ಆಳವಾಗಿ ತಂಪಾಗಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ವಾದವಿವಾದ ಅಲ್ಲಿಗೆ ಮುಗಿಯಿತೆನ್ನುವಂತಿಲ್ಲ. ವಿದ್ಯುತ್ ಆಘಾತಕ್ಕೆ ಸ್ಪಂದಿಸದ ಬಗೆಯ ಸ್ತಂಭನಕ್ಕೊಳಗಾದವರನ್ನು ಕುರಿತು ಫ್ರಾನ್ಸ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 33 ಡಿಗ್ರಿಯ ಗುಂಪಿನಲ್ಲಿ ಶೇ. 10ರಷ್ಟು, 37 ಡಿಗ್ರಿಯ ಗುಂಪಿನಲ್ಲಿ ಶೇ. 6ಕ್ಕಿಂತ ಕಡಿಮೆ ಮಂದಿ ಚೇತರಿಸಿಕೊಂಡಿದ್ದರು. ಹೀಗಾಗಿ ಅಮೆರಿಕದ ಹೃದಯ ಸಂಘ 32ರಿಂದ 37.5 ಡಿಗ್ರಿಯವರೆಗೆ ಯಾವುದಾದರೊಂದು ಮಟ್ಟವನ್ನು ಆರಿಸಿಕೊಂಡು ಅದನ್ನೇ ಕಾಯ್ದುಕೊಳ್ಳಲು ಅವಕಾಶವಿತ್ತಿದೆ; ಯೂರೋಪಿನ ಮಾರ್ಗಸೂಚಿಗಳು ಜ್ವರ ತಡೆಯುವುದಕ್ಕೇ ಒತ್ತು ನೀಡುತ್ತವೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ 37.5 ಡಿಗ್ರಿ ಸೆಲ್ಸಿಯಸ್ ಎಂದರೆ 99.5 ಫ್ಯಾರನ್‌ಹೀಟ್. ಮನೆಯಲ್ಲಿ ಜ್ವರವೆಂದು ಯಾರೂ ಗಣನೆಗೆ ತಾರದ ಈ ಮಟ್ಟವೇ ಇಲ್ಲಿ ಮೇಲಿನ ಗಡಿ.

ಪರದೇಶದ ಫಲಿತಾಂಶವನ್ನು ನಮ್ಮ ನೆಲಕ್ಕೆ ಹಾಗೆಯೇ ತಂದು ನೆಡಲಾಗದೆಂಬುದಕ್ಕೆ ಬೆಂಗಳೂರಿನ ನಿದರ್ಶನವೇ ಇದೆ. ಹುಟ್ಟುವಾಗ ಉಸಿರುಕಟ್ಟಿ ಮೆದುಳಿಗೆ ಪೆಟ್ಟಾದ ಹಸುಗೂಸುಗಳನ್ನು 33.5 ಡಿಗ್ರಿಯಲ್ಲಿ 72 ಗಂಟೆ ಇರಿಸುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಸ್ಥಾಪಿತವಾದದ್ದು. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಏಳು ದೊಡ್ಡ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ಇದನ್ನು ಪರೀಕ್ಷಿಸಲಾಯಿತು. ಬೆಂಗಳೂರೂ ಆ ಅಧ್ಯಯನದ ಒಂದು ನೆಲೆಯಾಗಿತ್ತು. 2021ರಲ್ಲಿ ಹೊರಬಿದ್ದ ಫಲಿತಾಂಶದಂತೆ ತಂಪಾಗಿಸಿದ ಶಿಶುಗಳಲ್ಲಿ ಶೇ. 42, ತಂಪಾಗಿಸದವುಗಳಲ್ಲಿ ಶೇ. 31 ಮೃತಪಟ್ಟಿದ್ದವು. ಶಿಶುವಿನ ತೊಂದರೆ ಬೇರೆ, ವಯಸ್ಕರ ಹೃದಯ ಸ್ತಂಭನ ಬೇರೆ. ಒಂದರ ಅಂಕಿಯನ್ನು ಮತ್ತೊಂದಕ್ಕೆ ಅನ್ವಯಿಸಲಾಗದು. ಆದರೂ ತಂಪು ಯಂತ್ರವಿರುವ ಆಸ್ಪತ್ರೆಯೇ ಉತ್ತಮ ಆಸ್ಪತ್ರೆ ಎಂಬ ನಂಬಿಕೆಗೆ ಇದು ತಕ್ಕ ಎಚ್ಚರಿಕೆ.

ಕುಂದಾಣದಿಂದ ಆಸ್ಪತ್ರೆಯವರೆಗೆ

ದೇವನಹಳ್ಳಿಗೂ ದೊಡ್ಡಬಳ್ಳಾಪುರಕ್ಕೂ ನಡುವೆ ಹರಡಿರುವ ಕುಂದಾಣ ಹೋಬಳಿಯಲ್ಲಿ ಇಂದು ಬೀರಸಂದ್ರದ ಜಿಲ್ಲಾಡಳಿತ ಭವನವಿದೆ. ತಾಲ್ಲೂಕಿನಲ್ಲಿಯೇ 2008ರಿಂದ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಆದರೂ ಹೃದ್ರೋಗದ ಸರ್ಕಾರಿ ಉನ್ನತ ಚಿಕಿತ್ಸೆಗೆಂದು ಹೊರಟವರು ಹೆಬ್ಬಾಳದ ವಾಹನ ದಟ್ಟಣೆಯನ್ನು ದಾಟಿ, ರಾಜಧಾನಿಯನ್ನು ಉತ್ತರದಿಂದ ದಕ್ಷಿಣಕ್ಕೆ ಹಾದು ಬನ್ನೇರುಘಟ್ಟ ರಸ್ತೆಯ ಜಯದೇವ ಸಂಸ್ಥೆಯನ್ನು ತಲುಪಬೇಕು. ಸ್ತಂಭನಗೊಂಡ ಹೃದಯಕ್ಕೆ ಅಷ್ಟು ವ್ಯವಧಾನವಿಲ್ಲ. ರಾಜ್ಯದಲ್ಲಿ 2008ರ ನವೆಂಬರ್‌ನಲ್ಲಿ ಆರಂಭವಾದ 108 ಆಂಬುಲೆನ್ಸ್ ಎಷ್ಟೇ ಬೇಗ ಬಂದರೂ ಮೊದಲ ಐದು ನಿಮಿಷ ಪಕ್ಕದಲ್ಲಿರುವವರ ಕೈಯಲ್ಲಿಯೇ ಇರುತ್ತದೆ. ಆ ಐದು ನಿಮಿಷ ವ್ಯರ್ಥವಾದರೆ ನಂತರ ಎಂತಹ ತಾಪ ನಿಯಂತ್ರಣವೂ ಹೆಚ್ಚು ಸಾಧಿಸಲಾರದು.

ಕುಸಿದವರನ್ನು ಕರೆದರೂ ಅಲುಗಿಸಿದರೂ ಓಗೊಡದೆ, ಉಸಿರಾಟ ಸಹಜವಾಗಿಲ್ಲದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಬೇಕು, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಭಾರತದ ಅರಿವಳಿಕೆ ತಜ್ಞರು 2017ರಲ್ಲಿ ಜನಸಾಮಾನ್ಯರಿಗಾಗಿ ರೂಪಿಸಿದ ಕ್ರಮದಲ್ಲಿ ಬಾಯಿಂದ ಬಾಯಿಗೆ ಉಸಿರೂದುವ ಭಾಗವನ್ನು ಕೈಬಿಟ್ಟು ಎದೆ ಒತ್ತುವುದನ್ನಷ್ಟೇ ಉಳಿಸಿಕೊಳ್ಳಲಾಗಿದೆ. ಮಕ್ಕಳು ಮತ್ತು ನೀರಿನಲ್ಲಿ ಮುಳುಗಿದವರ ವಿಷಯದಲ್ಲಿ ಮಾತ್ರ, ತರಬೇತಿ ಪಡೆದವರಿದ್ದರೆ ಉಸಿರನ್ನೂ ಊದುವುದು ಅಗತ್ಯ. ವಿದ್ಯುತ್ ತಗುಲಿದ್ದರೆ ಮೊದಲು ಮೇನ್ ಸ್ವಿಚ್ ಆರಿಸದೆ ಮುಟ್ಟಬಾರದು.

ಹಾದಿಯಲ್ಲಿಯೇ ಮಂಜುಗಡ್ಡೆ ಇಡೋಣವೇ ಎಂಬ ಪ್ರಶ್ನೆ ಸಹಜ. ಬೇಡ. ಆಂಬುಲೆನ್ಸ್‌ನಲ್ಲಿಯೇ ತಣ್ಣನೆಯ ಸಲೈನ್ ಹನಿಸಿ ಬೇಗ ತಂಪಾಗಿಸಿದರೆ ಒಳಿತಾದೀತೆಂದು ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ 1359 ರೋಗಿಗಳ ಮೇಲೆ ನಡೆದ ಪ್ರಯತ್ನದ ಫಲಿತಾಂಶ 2013ರ ಕೊನೆಯಲ್ಲಿ ಬಂತು. ಬದುಕುಳಿದವರ ಸಂಖ್ಯೆ ಹೆಚ್ಚಲಿಲ್ಲ. ಬದಲಿಗೆ ದಾರಿಯಲ್ಲಿ ಹೃದಯ ಮತ್ತೊಮ್ಮೆ ನಿಂತ ಪ್ರಕರಣಗಳು ಶೇ. 21ರಿಂದ ಶೇ. 26ಕ್ಕೇರಿದವು. ಹಾಗೆಂದು ತದ್ವಿರುದ್ಧವಾಗಿ, ಮೈ ತಣ್ಣಗಾಗಿದೆಯೆಂದು ಕಂಬಳಿ ಹೊದಿಸಿ, ಅಂಗಾಲು ತಿಕ್ಕಿ ಬಿಸಿ ಮಾಡುವುದೂ ಸಲ್ಲ. ಹೃದಯ ಮರಳಿದ ರೋಗಿಯ ದೇಹ ತಾನಾಗಿಯೇ ತುಸು ತಂಪಾಗಿದ್ದರೆ ಅದನ್ನು ಬಲವಂತವಾಗಿ ಕಾಯಿಸಬಾರದೆಂದೇ ಮಾರ್ಗಸೂಚಿಗಳು ಹೇಳುತ್ತವೆ.

ತೀವ್ರ ನಿಗಾ ಘಟಕದಲ್ಲಿ

ಹೃದಯ ಮರಳಿ ಮಿಡಿದು, ಹೇಳಿದ ಮಾತಿಗೆ ಸ್ಪಂದಿಸುತ್ತಿರುವ ರೋಗಿಗೆ ಈ ಚಿಕಿತ್ಸೆ ಬೇಕಿಲ್ಲ. ಪ್ರಜ್ಞಾಹೀನನಾಗಿ ವೆಂಟಿಲೇಟರ್ ಮೇಲಿರುವವನಿಗೆ ಮಾತ್ರ. ಅಂಥವನ ದೇಹತಾಪವನ್ನು ಕಂಕುಳಿನ ಥರ್ಮಾಮೀಟರಿನಿಂದ ನಂಬಿಕೆಗೆ ಅರ್ಹವಾಗಿ ಅಳೆಯಲಾಗದು. ಅನ್ನನಾಳಕ್ಕೋ ಮೂತ್ರಕೋಶಕ್ಕೋ ಇಳಿಸಿದ ತಾಪಮಾಪಕದ ತಂತಿ ದೇಹದೊಳಗಿನ ನಿಜ ತಾಪವನ್ನು ಎಡೆಬಿಡದೆ ತೋರಿಸುತ್ತಿರಬೇಕು. ಈ ಒಂದು ತಂತಿ, ಗಂಟೆಗಂಟೆಗೂ ಅದನ್ನು ಗಮನಿಸುವ ಒಬ್ಬ ನರ್ಸ್, ಇಷ್ಟಿಲ್ಲದೆ ಲಕ್ಷಾಂತರ ರೂಪಾಯಿಯ ಯಂತ್ರವಿದ್ದೂ ಪ್ರಯೋಜನವಿಲ್ಲ.

ಜ್ವರ ತಡೆಯುವ ಕೆಲಸ ಸರಳ ಉಪಾಯಗಳಿಂದ ತೊಡಗುತ್ತದೆ: ಪ್ಯಾರಸಿಟಮಾಲ್, ಹೊದಿಕೆ ತೆಗೆಯುವುದು, ಕೋಣೆಯ ತಾಪ ಇಳಿಸುವುದು. ಇವುಗಳಿಗೆ ಬಗ್ಗದಿದ್ದರೆ ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಮಂಜಿನ ಚೀಲ ಅಥವಾ ತಂಪು ಹೊದಿಕೆ. ಮೇಲೆ ಹೇಳಿದ 2021ರ ಅಧ್ಯಯನದಲ್ಲಿ ಜ್ವರ ತಡೆಯುವ ಗುಂಪಿನ ಶೇ. 46 ರೋಗಿಗಳಿಗಷ್ಟೇ ಯಂತ್ರದ ನೆರವು ಬೇಕಾಯಿತು. ಉಳಿದವರಿಗೆ ಸರಳ ಉಪಾಯಗಳೇ ಸಾಕಾದವು. ಈ ನಿಗಾ ಕನಿಷ್ಠ 36 ಗಂಟೆ, ಎಚ್ಚರವಾಗದಿದ್ದರೆ 72 ಗಂಟೆಯವರೆಗೆ ಸಾಗುತ್ತದೆ. 33 ಡಿಗ್ರಿಯನ್ನೇ ಆರಿಸಿಕೊಂಡಾಗ ಕೆಲಸ ಕ್ಲಿಷ್ಟ: ದೇಹ ನಡುಗಿ ತಾನೇ ಶಾಖ ಉತ್ಪಾದಿಸುವುದರಿಂದ ನಿದ್ರಾಜನಕ, ಕೆಲವೊಮ್ಮೆ ಸ್ನಾಯು ಸಡಿಲಿಸುವ ಔಷಧಗಳೂ ಬೇಕಾಗುತ್ತವೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ನಾಡಿ ನಿಧಾನವಾಗುತ್ತದೆ, ನ್ಯುಮೋನಿಯಾದ ಭಯವಿರುತ್ತದೆ. ಮರಳಿ ಬೆಚ್ಚಗಾಗಿಸುವಾಗ ಗಂಟೆಗೆ ಕಾಲರಿಂದ ಅರ್ಧ ಡಿಗ್ರಿ ಮಾತ್ರ ಏರಿಸಬೇಕು. ಅವಸರಿಸಿದರೆ ಪೊಟ್ಯಾಸಿಯಂ ಒಮ್ಮೆಗೇ ಏರಿ ಹೃದಯಕ್ಕೆ ಅಪಾಯ. ತಾಪ ನಿಯಂತ್ರಣ ಒಂದೇ ರೋಗಿಯನ್ನು ಉಳಿಸುವುದೂ ಇಲ್ಲ. ಕಟ್ಟಿಕೊಂಡ ರಕ್ತನಾಳ ತೆರೆಯುವುದು, ರಕ್ತದೊತ್ತಡ, ಸಕ್ಕರೆ, ಆಮ್ಲಜನಕಗಳನ್ನು ಸರಿದೂಗಿಸುವುದು, ಫಿಟ್ಸ್ ಬಂದರೆ ತಡೆಯುವುದು ಇವೆಲ್ಲ ಜೊತೆಯಲ್ಲಿಯೇ ನಡೆಯಬೇಕು.

ಹೊರಗೆ ಕಾಯುವವರು

ಹೊರಗಿನ ಬೆಂಚಿನ ಮೇಲೆ ಕಾಯುವ ಮನೆಯವರಿಗೆ ದಿನಕ್ಕೆ ಒಂದೆರಡು ಬಾರಿ ಒಳಗೆ ಹೋಗಿ ನೋಡುವ ಅವಕಾಶ ಸಿಗುತ್ತದೆ. ಮುಟ್ಟಿದರೆ ಕೈ ತಣ್ಣಗೆ, ಕರೆದರೆ ಓಗೊಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ‘ಜೀವ ಹೋಗಿದೆ, ಸುಮ್ಮನೆ ಇಟ್ಟುಕೊಂಡು ಬಿಲ್ಲು ಏರಿಸುತ್ತಿದ್ದಾರೆ’ ಎಂಬ ಸಂದೇಹ ಹುಟ್ಟುವುದು ಇಲ್ಲಿಯೇ. ಎರಡನೆಯ ದಿನವೇ ಸಹಿ ಹಾಕಿ ರೋಗಿಯನ್ನು ಊರಿಗೆ ಕರೆದೊಯ್ದ ನಿದರ್ಶನಗಳು ನಮ್ಮಲ್ಲಿ ಅಪರೂಪವಲ್ಲ. ಹೊಲವೋ ಒಡವೆಯೋ ಅಡವಿಟ್ಟು ಹಣ ತಂದವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಆದರೆ ತಣ್ಣಗಿರುವುದಕ್ಕೆ ಚಿಕಿತ್ಸೆಯೇ ಕಾರಣವಿರಬಹುದು, ಅಲುಗಾಡದಿರುವುದಕ್ಕೆ ನಿದ್ರಾಜನಕವೇ ಕಾರಣವಿರಬಹುದು ಎಂಬುದನ್ನು ಅವರಿಗೆ ಮೊದಲ ದಿನವೇ ತಿಳಿಯಹೇಳಬೇಕಾದದ್ದು ಆಸ್ಪತ್ರೆಯ ಕರ್ತವ್ಯ. ತಂಪಾದ ದೇಹದಲ್ಲಿ ಔಷಧಗಳು ಕರಗಿ ಹೊರಹೋಗುವುದೂ ನಿಧಾನ. ನಿಲ್ಲಿಸಿದ ನಂತರವೂ ಅವುಗಳ ಮಂಪರು ಉಳಿಯುತ್ತದೆ.

ಆದ್ದರಿಂದಲೇ ಮೆದುಳು ಚೇತರಿಸಿಕೊಳ್ಳುವುದೋ ಇಲ್ಲವೋ ಎಂಬ ತೀರ್ಮಾನವನ್ನು ಹೃದಯ ಮರಳಿದ ಸಮಯದಿಂದ ಕನಿಷ್ಠ 72 ಗಂಟೆ ಕಳೆಯುವ ಮುನ್ನ ಕೈಗೊಳ್ಳಬಾರದೆಂದು ಮಾರ್ಗಸೂಚಿಗಳು ವಿಧಿಸುತ್ತವೆ. ಆಗಲೂ ಒಂದೇ ಪರೀಕ್ಷೆಯನ್ನು ನಂಬುವಂತಿಲ್ಲ. ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗುವುದೇ, ಮೆದುಳಿನ ವಿದ್ಯುತ್ ಅಲೆಗಳ ದಾಖಲೆಯಾದ ಇಇಜಿ ಹೇಗಿದೆ, ಸಿ.ಟಿ. ಅಥವಾ ಎಂಆರ್‌ಐ ಚಿತ್ರ ಏನು ತೋರಿಸುತ್ತದೆ ಎಂಬ ಹಲವು ಸಾಕ್ಷ್ಯಗಳನ್ನು ಕೂಡಿಸಿ ನೋಡಬೇಕು. ಕೆಲವರು ಐದಾರು ದಿನಗಳ ನಂತರ ಎಚ್ಚರಗೊಂಡದ್ದೂ ಉಂಟು. ಮನೆಯವರು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬಹುದಾದ ಮಾತುಗಳಿವು: ಹೃದಯ ನಿಂತು ಎಷ್ಟು ನಿಮಿಷಕ್ಕೆ ಮರಳಿತು? ದೇಹತಾಪವನ್ನು ಎಷ್ಟಕ್ಕೆ ಹಿಡಿದಿದ್ದೀರಿ? ನಿದ್ರೆಯ ಔಷಧ ಯಾವಾಗ ನಿಲ್ಲಿಸಿದಿರಿ? ಮುಂದಿನ ಪರೀಕ್ಷೆ ಎಂದು? ತಂಪು ಯಂತ್ರದ ಸೌಲಭ್ಯವಿಲ್ಲವೆಂಬ ಒಂದೇ ಕಾರಣಕ್ಕೆ ಅಸ್ಥಿರ ಸ್ಥಿತಿಯ ರೋಗಿಯನ್ನು ಮತ್ತೊಂದು ಆಸ್ಪತ್ರೆಗೆ ಸಾಗಿಸಬೇಕೆಂದು ಪಟ್ಟುಹಿಡಿಯುವುದು ಇಂದಿನ ತಿಳಿವಳಿಕೆಗೆ ಹೊಂದುವುದಿಲ್ಲ.

ಆಶೆ ಉಳಿದಿಲ್ಲವೆಂದು ಖಚಿತವಾದಾಗ ಜೀವರಕ್ಷಕ ಯಂತ್ರಗಳನ್ನು ಹಿಂತೆಗೆಯುವುದಕ್ಕೂ ಈಗ ಕಾನೂನಿನ ದಾರಿಯಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ನೀಡಿ 2023ರಲ್ಲಿ ಸರಳಗೊಳಿಸಿದ ತೀರ್ಪಿನಂತೆ ಚಿಕಿತ್ಸೆ ನೀಡುವ ಆಸ್ಪತ್ರೆಯ ವೈದ್ಯರ ಪ್ರಾಥಮಿಕ ಮಂಡಳಿ, ಬಳಿಕ ಜಿಲ್ಲಾ ಆರೋಗ್ಯಾಧಿಕಾರಿ ನಾಮಕರಣ ಮಾಡಿದ ವೈದ್ಯರಿರುವ ಎರಡನೆಯ ಮಂಡಳಿ, ಇವೆರಡೂ ಮನೆಯವರ ಸಮ್ಮತಿಯೊಡನೆ ಒಪ್ಪಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿದೆ. ಸಹಿ ಹಾಕಿಸಿಕೊಂಡು ಕಳುಹಿಸಿಬಿಡುವ ಹಳೆಯ ರೂಢಿಗಿಂತ ಇದು ರೋಗಿಗೂ ಮನೆಯವರಿಗೂ ಗೌರವದ ಮಾರ್ಗ.

ಎಚ್ಚೆತ್ತು ಮನೆಗೆ ಮರಳಿದವರಲ್ಲಿಯೂ ಮರೆವು, ಬೇಗ ದಣಿವು, ಸಿಡಿಮಿಡಿ, ಲೆಕ್ಕಾಚಾರದಲ್ಲಿ ತಡವರಿಕೆ ಹಲವು ತಿಂಗಳು ಉಳಿಯಬಹುದು. ಅಂಗಡಿ ನೋಡಿಕೊಳ್ಳುತ್ತಿದ್ದವನು ಚಿಲ್ಲರೆ ಎಣಿಸುವಾಗ ತಪ್ಪುತ್ತಿದ್ದರೆ ಅದನ್ನು ಸೋಮಾರಿತನವೆನ್ನದೆ, ಹೃದಯದ ಮರುತಪಾಸಣೆಗೆ ಹೋದ ದಿನವೇ ನರರೋಗ ತಜ್ಞರ ಗಮನಕ್ಕೂ ತರಬೇಕು.